ಹೋಟೆಲಿನ ಪಾರ್ಟ್ನರ್ ಅಲ್ಲ

ಕಳೆದ ಭಾನುವಾರ ಮುಂಬಯಿಯ ಘಾಟ್ಕೋಪರಿನ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲೇ ಆ ವಾಸನೆ ಬಂತು. ಹುರಿದ ಶೇಂಗಾ, ಒಣಮೆಣಸು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ. ಸಂಘದ ಅಡುಗೆಮನೆಗೆ ಬೆಳ್ಳುಳ್ಳಿ ಹೊಕ್ಕಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡವಳಲ್ಲ. ಇಡ್ಲಿ, ಉಪ್ಪಿಟ್ಟು, ಶೀರಾ, ಕಾಫಿ. ಅದರಾಚೆ ನಮ್ಮವರ ಕೈ ಹೋಗುವುದಿಲ್ಲ. ಯಾರು ತಂದರಪ್ಪ ಇದನ್ನು ಎಂದು ಬಗ್ಗಿ ನೋಡಿದರೆ ಸ್ಟೀಲ್ ಡಬ್ಬಿಯ ತುಂಬ ಕೆಂಪು ಚಟ್ನಿಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಾಕಿಕೊಳ್ಳಬಾರದಿತ್ತು... ಅದು ಪಾರ್ಟ್ನರ್ ಮಾಡುತ್ತಿದ್ದ ಪುಡಿ. ಅವರ ಕೈಯಿಂದ ಬಂದದ್ದಲ್ಲ, ಅವರು ತೀರಿಕೊಂಡು ಎರಡು ವರ್ಷವಾಯಿತು. ಆದರೆ ಪುಡಿ ಮಾತ್ರ ಅವರದೇ.

ಆಚೆ ವೇದಿಕೆಯ ಮೇಲೆ ಬ್ಯಾನರ್ ಕಟ್ಟುತ್ತಿದ್ದರು. ಎಲ್‌ಜಿಬಿಟಿ ಸಮುದಾಯದ ಸಮಾನತೆಗಾಗಿ ಸ್ಥಳೀಯ ಪಾಲುದಾರಿಕೆ. ನಮ್ಮ ಸಂಘ, ಪಕ್ಕದ ಟ್ರಸ್ಟ್ ಆಸ್ಪತ್ರೆ, ಊರಿನ ಇನ್ನೊಂದು ಸಂಸ್ಥೆ, ಮೂರೂ ಕೈಜೋಡಿಸಿವೆಯಂತೆ. 'ಪಾಲುದಾರಿಕೆ' ಎಂಬ ಆ ಅಕ್ಷರಗಳನ್ನು ಓದುತ್ತಲೇ ನನಗೆ ಮೈಯೆಲ್ಲ ಉರಿಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮ ಬಿಲ್ಡಿಂಗಿನವರೆಲ್ಲ ಹೇಳುತ್ತಾರೆ. ಹೇಳಲಿ, ಆ ದಿನ ಅದು ಇರಬೇಕಾದ ಜಾಗದಲ್ಲೇ ಇತ್ತು. ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ 'ವಂದನಾರ್ಪಣೆ' ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದ್ದರು.

ಪಾರ್ಟ್ನರ್ ನಮ್ಮ ಎದುರು ಬಾಗಿಲಿನವರು. ಆ ಮನೆಯಲ್ಲಿ ಇಬ್ಬರು ಗಂಡಸರಿದ್ದರು. ಒಬ್ಬರು ಉಡುಪಿ ಕಡೆಯವರು. ಫೋರ್ಟ್‌ನಲ್ಲಿ, ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಹೋಟೆಲ್. ಹೋಟೆಲಿನ ಹುಡುಗರಿಂದ ಹಿಡಿದು ನಮ್ಮ ವಾಚ್‌ಮನ್‌ವರೆಗೆ ಎಲ್ಲರೂ ಅವರನ್ನು ಧಣಿ ಎನ್ನುತ್ತಿದ್ದರು. ಇನ್ನೊಬ್ಬರು ವಿಜಯಪುರ ಕಡೆಯ ಸಾಬರು. ಮನೆಮಾತು ದಖನಿ, ನಮ್ಮೊಡನೆ ಕನ್ನಡ. ಅದೇ ಫೋರ್ಟ್‌ನಲ್ಲಿ ವಕೀಲರ ಕರಿ ಕೋಟು ಹೊಲಿಯುವ ಕೆಲಸ. ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ಧಣಿ ಅವರನ್ನು ಮನೆಮನೆಗೂ ಕರೆದೊಯ್ದು, "ಇವ್ರು ನನ್ನ ಪಾರ್ಟ್ನರ್" ಎಂದು ಪರಿಚಯ ಮಾಡಿಸಿದ್ದರು. ಅಷ್ಟೇ, ಹೆಸರು ಅಲ್ಲಿಗೇ ಅಂಟಿಕೊಂಡಿತು. ತರಕಾರಿಯವನಿಗೂ ಪಾರ್ಟ್ನರ್, ಸೊಸೈಟಿ ಸೆಕ್ರೆಟರಿಗೂ ಪಾರ್ಟ್ನರ್, ನಮ್ಮ ಮಕ್ಕಳಿಗೆ ಪಾರ್ಟ್ನರ್ ಅಂಕಲ್.

ನಮ್ಮ ಕರಾವಳಿಯವರ ಬಾಯಲ್ಲಿ ಪಾರ್ಟ್ನರ್ ಎಂದರೆ ಒಂದೇ ಅರ್ಥ, ಹೋಟೆಲಿನಲ್ಲಿ ಪಾಲಿರುವವನು. ಮುಂಬಯಿಯಲ್ಲಿ ನಮ್ಮವರ ಅರ್ಧ ಹೋಟೆಲುಗಳು ಪಾರ್ಟ್ನರ್‌ಶಿಪ್ಪಿನಲ್ಲೇ ಹುಟ್ಟಿ, ಪಾರ್ಟ್ನರುಗಳ ಜಗಳದಲ್ಲೇ ಬಾಗಿಲು ಹಾಕಿದವು. ಹಾಗಾಗಿ ಯಾರಿಗೂ ಏನೂ ಅನಿಸಲಿಲ್ಲ. ದಿನವಿಡೀ ಕೋಟು ಹೊಲಿಯುವ ಈ ಮನುಷ್ಯ ಒಂದು ದಿನವೂ ಗಲ್ಲಾದ ಮೇಲೆ ಕೂತವನಲ್ಲವಲ್ಲ, ಇದೆಂಥ ಪಾರ್ಟ್ನರ್ ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ನಮ್ಮವರಿಗೆ ಲೆಕ್ಕಾಚಾರದಲ್ಲಿ ಭಾರಿ ಬುದ್ಧಿ, ಕಣ್ಣೆದುರಿಗಿನ ಪ್ರೀತಿಯ ವಿಷಯಕ್ಕೆ ಬಂದರೆ ಮಾತ್ರ ಮಂದ.

ನನಗೆ ಗೊತ್ತಿತ್ತು. ಎದುರು ಬಾಗಿಲು, ಗೊತ್ತಾಗದಿರಲು ಕುರುಡಿಯಾಗಿರಬೇಕಿತ್ತು. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ ಒಬ್ಬರ ಕಾಲರನ್ನು ಇನ್ನೊಬ್ಬರು ಸರಿಮಾಡುತ್ತಿದ್ದುದು, ಧಣಿ ಮೆಟ್ಟಿಲಿಳಿಯುವಾಗ ಪಾರ್ಟ್ನರ್ ಒಂದು ಮೆಟ್ಟಿಲು ಮುಂದೆಯೇ ಇರುತ್ತಿದ್ದುದು... ಒಮ್ಮೆ ಧಣಿಯನ್ನು ನೇರವಾಗಿಯೇ ಕೇಳಿದೆ, ಹೀಗೆ ಎಲ್ಲರನ್ನೂ ಏಮಾರಿಸುತ್ತೀರಲ್ಲ ಎಂದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಸುಳ್ಳು ಹೇಳ್ಲೇ ಇಲ್ಲ ಮಾರಾಯ್ತಿ. ಪಾರ್ಟ್ನರ್ ಅಂತ್ಲೇ ಹೇಳಿದ್ದು. ಅವ್ರಿಗೆ ಅರ್ಥ ಆಗದಿದ್ರೆ ನಾನೆಂತ ಮಾಡ್ಲಿ?" ಆ ನಗುವಿನಲ್ಲಿ ನಾನೂ ಸೇರಿಕೊಂಡೆ. ಇಡೀ ಬಿಲ್ಡಿಂಗು ತನಗೇ ತಿಳಿಯದೆ ದಿನವೂ ಸತ್ಯವನ್ನೇ ಕೂಗುತ್ತಿದೆಯಲ್ಲ ಎಂದು ನಮಗೆ ಆಗ ಭಾರಿ ತಮಾಷೆಯಾಗಿತ್ತು.

ನಾನಾಗ ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನದ ತಿಂಡಿ ಧಣಿಯ ಹೋಟೆಲಿನಲ್ಲೇ. ಶುದ್ಧ ಉಡುಪಿ ಹೋಟೆಲ್, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಆದರೆ ಗಲ್ಲಾದ ಕೆಳಗೆ ಒಂದು ಡಬ್ಬಿ ಇರುತ್ತಿತ್ತು, ಪಾರ್ಟ್ನರ್ ಮನೆಯಲ್ಲಿ ಕುಟ್ಟಿ ತರುವ ಶೇಂಗಾ ಚಟ್ನಿಪುಡಿ. ಗೊತ್ತಿದ್ದವರು ಕೇಳಿದರೆ ಧಣಿ ಆಚೀಚೆ ನೋಡಿ, ಕಳ್ಳಸಾಗಣೆಯ ಮಾಲಿನಂತೆ ಒಂದು ಚಮಚ ಇಡ್ಲಿಯ ಪಕ್ಕ ಹಾಕುತ್ತಿದ್ದರು. ಅದಕ್ಕೆ ಪ್ರತಿಯಾಗಿ ಧಣಿ ಪಾರ್ಟ್ನರಿಗೆ ಕಲಿಸಿದ್ದು ತುಳುವಿನ ಒಂದೇ ಒಂದು ಮಾತು. "ಒಣಸ್ ಆಂಡಾ?" ಊಟ ಆಯಿತೇ ಎಂದು. ಪಾರ್ಟ್ನರ್ ಅದನ್ನು ವಿಜಯಪುರದ ರಾಗದಲ್ಲಿ ಎಳೆದು, ಎದುರಾದವರಿಗೆಲ್ಲ ಹೊತ್ತುಗೊತ್ತಿಲ್ಲದೆ ಕೇಳುತ್ತಿದ್ದರು.

ಧಣಿಗೆ ಎದೆನೋವು ಬಂದಾಗ ಪಾರ್ಟ್ನರೇ ರಿಕ್ಷಾದಲ್ಲಿ ಕೂರಿಸಿಕೊಂಡು ಟ್ರಸ್ಟ್ ಆಸ್ಪತ್ರೆಗೆ ಒಯ್ದರು. ಐಸಿಯು ಬಾಗಿಲಲ್ಲಿ, ನೀವು ಪೇಶಂಟಿಗೆ ಏನಾಗಬೇಕು ಎಂದು ಕೇಳಿದರು. ಇವರು ಅಭ್ಯಾಸಬಲದಿಂದ ಪಾರ್ಟ್ನರ್ ಎಂದರು. "ಬಿಸ್ನೆಸ್ ಪಾರ್ಟ್ನರ್ ಅಲೌಡ್ ನಹೀ ಹೈ. ಬ್ಲಡ್ ರಿಲೇಶನ್ ಮೇ ಕೋಯೀ ಹೈ?" ಅಷ್ಟು ವರ್ಷ ನಮ್ಮನ್ನು ನಗಿಸಿದ ಆ ಪದ ಅವತ್ತು ಬಾಗಿಲಾಗಿ ನಿಂತಿತು. ಪಾರ್ಟ್ನರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

ನಾನು ಓಡಿಹೋದೆ. ತಂಗಿ ಎಂದೆ. ಹಣೆಯಲ್ಲಿ ಕುಂಕುಮ, ಬಾಯಲ್ಲಿ ಧಣಿಯದೇ ತುಳು, ಯಾರೂ ಮರುಪ್ರಶ್ನೆ ಕೇಳದೆ ನನ್ನನ್ನು ಒಳಗೆ ಬಿಟ್ಟರು. ಈಗಲೂ ನೆನೆಸಿಕೊಂಡರೆ ಹಲ್ಲು ಕಡಿಯುವಂತಾಗುತ್ತದೆ. ಏನೂ ಅಲ್ಲದ ನಾನು ಒಂದು ಸುಳ್ಳಿಗೆ ಒಳಗೆ, ಎಲ್ಲವೂ ಆಗಿದ್ದವರು ಒಂದು ಸತ್ಯಕ್ಕೆ ಹೊರಗೆ! "ಕೆಳಗ ಅದೀನಿ ಅಂತ ಹೇಳ್ರಿ, ಅಷ್ಟ ಹೇಳ್ರಿ" ಎಂದು ಪಾರ್ಟ್ನರ್ ಕೈಮುಗಿದು ಕಳಿಸಿದ್ದರು. ಹೇಳಿದೆ. ಧಣಿ ಕಣ್ಣು ತೆರೆದು, ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಒಂದಿಷ್ಟು ಸರಿಸಿ ಕೇಳಿದ್ದು ಇಷ್ಟೇ. "ಆಯಗ್ ಒಣಸ್ ಆಂಡಾ?" ಅವನಿಗೆ ಊಟ ಆಯಿತಾ ಎಂದು. ಕೆಳಗೆ ಬಂದು ನಾನದನ್ನು ಹೇಳಿದಾಗ ಪಾರ್ಟ್ನರ್ ಎದ್ದು, ಎದುರಿನ ಗಾಡಿಯಲ್ಲಿ ಒಂದು ವಡಾಪಾವ್ ತೆಗೆದುಕೊಂಡು, ಕಣ್ಣೀರು ಸುರಿಯುತ್ತಿದ್ದರೂ ಪೂರ್ತಿ ತಿಂದರು. "ಆತು ಅಂತ ಹೇಳ್ರಿ" ಎಂದರು. ನಾನು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಊರಿನಿಂದ ಧಣಿಯ ಅಣ್ಣನ ಮಗ ವಿಮಾನದಲ್ಲಿ ಬಂದಿಳಿದಿದ್ದ. ಧಣಿಗೆ ತಂಗಿಯೇ ಇಲ್ಲ ಎಂದು ಅವನು ಹೇಳಿದ ಮೇಲೆ ನನ್ನನ್ನೂ ಒಳಗೆ ಬಿಡಲಿಲ್ಲ. ಮಾರನೆಯ ದಿನ ಧಣಿ ಹೋದರು. ಊಟ ಆಯಿತು ಎಂಬ ಮಾತು ಅವರಿಗೆ ಮುಟ್ಟಲೇ ಇಲ್ಲ...

ಶ್ರದ್ಧಾಂಜಲಿ ಸಭೆ ನಡೆದದ್ದು ಇದೇ ಹಾಲ್‌ನಲ್ಲಿ. ಸಂಘದ ಅಧ್ಯಕ್ಷರೇ ಆಸ್ಪತ್ರೆಗೂ ಟ್ರಸ್ಟಿ, ಎರಡೂ ಕಡೆ ಅವರದೇ ನಡೆಯುತ್ತದೆ. ಅವರು ಗಂಟಲು ಸರಿಮಾಡಿಕೊಂಡು, ದಿವಂಗತರ ಹೋಟೆಲಿನ ಪಾರ್ಟ್ನರ್ ಕೂಡ ನಮ್ಮೊಂದಿಗಿದ್ದಾರೆ, ವ್ಯವಹಾರದ ಬಗ್ಗೆ ಎರಡು ಮಾತು ಆಡಲಿ ಎಂದರು. ಪಾರ್ಟ್ನರ್ ಎದ್ದು ಹೋಗಿ ಮೈಕ್ ಹಿಡಿದರು. ಅವರೇ ಹೊಲಿದುಕೊಂಡಿದ್ದ ಬಿಳಿ ಅಂಗಿ ತೊಟ್ಟಿದ್ದರು.

"ನಾ ಹೋಟೆಲಿನ ಪಾರ್ಟ್ನರ್ ಅಲ್ರೀ. ಹೋಟೆಲಿನ್ಯಾಗ ನಂದು ಒಂದು ಚಮಚಾನೂ ಇಲ್ಲ. ನಾ ಅವರ ಪಾರ್ಟ್ನರ್. ಅವರ ಮನಿ ಮನಷ್ಯಾ..."

ಅಲ್ಲಿಗೆ ಮೈಕ್ ಕಟ್. ಕರೆಂಟು ಹೋಗಿರಲಿಲ್ಲ, ಫ್ಯಾನುಗಳು ತಿರುಗುತ್ತಲೇ ಇದ್ದವು. ಪಾರ್ಟ್ನರ್ ಸತ್ತ ಮೈಕಿನಲ್ಲಿ ಇನ್ನೂ ಏನೋ ಹೇಳುತ್ತಿದ್ದರು, ಅಧ್ಯಕ್ಷರು ಅವರಿಗಿಂತ ದೊಡ್ಡ ದನಿಯಲ್ಲಿ, "ಎಲ್ಲರಿಗೂ ಕಾಫಿ ಉಂಟು, ಕುಡಿದೇ ಹೋಗ್ಬೇಕು" ಎಂದರು. ಜನ ಎದ್ದರು. ನಾನು ಕೂಗಾಡಿದೆ, ಮೈಕ್ ಹಾಕಿ ಎಂದು ಬಾಯಿ ಹರಿಯುವಷ್ಟು ಕೂಗಿದೆ. ಹೆಂಗಸರು ಬಂದು ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು. ನನಗೆ ಬೇಕಾದದ್ದು ಸಮಾಧಾನವಾಗಿರಲಿಲ್ಲ.

ಮನೆ ಧಣಿಯ ಹೆಸರಿನಲ್ಲಿತ್ತು, ಹೋಟೆಲೂ ಅಷ್ಟೇ. ಅಣ್ಣನ ಮಗ ಬಹಳ ಸಭ್ಯನಾಗಿ, ಅಂಕಲ್ ಅಂಕಲ್ ಎನ್ನುತ್ತಲೇ ಬೀಗ ಬದಲಿಸಿದ. ಪಾರ್ಟ್ನರ್ ಹೊಲಿಗೆ ಮಶೀನು ಮತ್ತು ಆ ಚಟ್ನಿಡಬ್ಬಿ ತೆಗೆದುಕೊಂಡು ಕುರ್ಲಾದ ಒಂದು ಚಾಳಿನ ಕೋಣೆಗೆ ಹೋದರು. ಬಿಲ್ಡಿಂಗಿನವರು ಒಬ್ಬರೂ ಕೆಳಗಿಳಿದು ಬರಲಿಲ್ಲ. ಅಷ್ಟು ವರ್ಷ ಹಬ್ಬಕ್ಕೆ ಅವರ ಕೈಯ ಶೀರ್‌ಖುರ್ಮಾ ಕುಡಿದು ಮೀಸೆ ಒರೆಸಿಕೊಂಡವರು, ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದರು.

ನಾನಾಗಿದ್ದರೆ ಅಲ್ಲಿಗೆ ಎಲ್ಲರ ಮುಖಕ್ಕೂ ಉಗಿದು ಸುಮ್ಮನಾಗುತ್ತಿದ್ದೆ. ಪಾರ್ಟ್ನರ್ ಸುಮ್ಮನಾಗಲಿಲ್ಲ. ಉಡುಪಿ ಹೋಟೆಲಿನ ದಿನಚರಿ ಅವರಿಗೆ ಅಂಗೈಯಷ್ಟು ಪರಿಚಿತ. ಮಧ್ಯಾಹ್ನದ ಊಟ ಮುಗಿದು, ಸಂಜೆಯ ತಿಂಡಿಗೆ ಎಣ್ಣೆ ಕಾಯುವ ನಡುವೆ ಎಲ್ಲ ಹೋಟೆಲುಗಳೂ ಖಾಲಿ ಹೊಡೆಯುತ್ತವೆ. ಹುಡುಗರು ಬೆಂಚಿನ ಮೇಲೆ ಅಡ್ಡಾಗುತ್ತಾರೆ, ಫ್ಯಾನು ಸುಮ್ಮನೆ ತಿರುಗುತ್ತದೆ. ಕುರ್ಲಾ ಸ್ಟೇಷನ್ನಿನ ಹತ್ತಿರ ಒಬ್ಬ ಹೋಟೆಲಿನವನು ಧಣಿಯ ಕೈಕೆಳಗೆ ಬೆಳೆದವನು. ಅವನಲ್ಲಿ ಹೋಗಿ ಆ ಖಾಲಿ ಹೊತ್ತಿಗೆ ಹಿಂದಿನ ಒಂದು ಟೇಬಲ್ ಕೇಳಿದರು. ಅವನು ಕೊಟ್ಟ. ಕೋಟು ಹೊಲಿಸಿಕೊಳ್ಳುತ್ತಿದ್ದ ಒಬ್ಬ ವಕೀಲರನ್ನು ಕರೆತಂದು ಆ ಟೇಬಲ್ಲಿಗೆ ಕೂರಿಸಿದರು. ಕುರ್ಲಾದ ಹಿಜಡಾ ಮನೆಯೊಂದರ ಹಿರಿಯಳನ್ನು, ಎಲ್ಲರೂ ಗುರುಮಾ ಎಂದು ಕರೆಯುವವಳನ್ನು, ಬರಹೇಳಿದರು. ಅವಳೂ ಉತ್ತರ ಕರ್ನಾಟಕದವಳೇ, ಕಲಬುರಗಿ ಕಡೆಯವಳು. ಚಟ್ನಿಪುಡಿಯ ವಾಸನೆಗೇ ಅವಳು ಪಾರ್ಟ್ನರಿಗೆ ತಂಗಿಯಾಗಿಬಿಟ್ಟಳು.

ನಿಧಾನಕ್ಕೆ ಜನ ಬಂದರು. ಮನೆಯಿಂದ ಹೊರಬಿದ್ದ ಹುಡುಗಿ, ಅದೇ ಹೋಟೆಲಿನ ವೇಟರ್ ಮತ್ತು ಅವನ ಗೆಳೆಯ, ಬಾಡಿಗೆ ಮನೆ ಸಿಗದ ಇಬ್ಬರು ಹೆಂಗಸರು. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಪಾರ್ಟ್ನರ್ ಮೊದಲು ಒಣಸ್ ಆಂಡಾ ಎನ್ನುವರು, ಇಡ್ಲಿ ಬರುವುದು, ಆಮೇಲೆ ಮಾತು. ಮನೆ ಮಾಲೀಕ ಹೊರಹಾಕಿದರೆ ಯಾರಲ್ಲಿಗೆ ಹೋಗಬೇಕು, ಉಯಿಲು ಹೇಗೆ ಬರೆಸಬೇಕು ಎಂದು ವಕೀಲರು ಇಡ್ಲಿ ತಿನ್ನುತ್ತ ಹೇಳುತ್ತಿದ್ದರು. ಆ ಒಂದು ಹೋಟೆಲ್ ನೋಡಿ ಇನ್ನೂ ಒಂದೆರಡು ಹೋಟೆಲಿನವರು ಟೇಬಲ್ ಬಿಟ್ಟುಕೊಟ್ಟರು. ಈಗ ಪ್ರೊಜೆಕ್ಟರ್ ಹಾಕಿ ತೋರಿಸುವ ಪಾಲುದಾರಿಕೆ ಇದೆಯಲ್ಲ, ಅದನ್ನು ಅವರು ಸಾಂಬಾರಿನ ಬಕೆಟ್ಟಿನ ಪಕ್ಕದಲ್ಲಿ ಕಟ್ಟಿದ್ದರು. ನಾನೂ ಹೋಗಿ ಕೂರುತ್ತಿದ್ದೆ.

ಆದರೆ ಅವರಿಗೆ ನಿಜವಾಗಿ ಬೇಕಿದ್ದದ್ದು ಒಂದೇ. ಆಸ್ಪತ್ರೆಯಲ್ಲಿ ತನ್ನವರು ಯಾರು ಎಂದು ರೋಗಿಯೇ ಹೇಳಲಿ, ಹೇಳಿದವರನ್ನು ಒಳಗೆ ಬಿಡಲಿ. ಅಷ್ಟು ಮಾಡಿಸಲು ಅಧ್ಯಕ್ಷರ ಒಂದು ಮಾತು ಸಾಕಾಗಿತ್ತು. ಪಾರ್ಟ್ನರ್ ಅವರ ಬಾಗಿಲಿಗೆ ಹೋದರು. ಮೈಕ್ ಕಟ್ ಮಾಡಿಸಿದವರ ಬಾಗಿಲಿಗೆ! ನಾನು ಬೈದೆ, ನಿಮಗೆ ಮಾನ ಮರ್ಯಾದೆ ಇಲ್ಲವೇ ಎಂದು. "ನನಗೇನೂ ಬ್ಯಾಡ್ರೀ. ಇನ್ನೊಬ್ಬರು ಆ ಮೆಟ್ಲ ಮ್ಯಾಲೆ ಕುಂಡ್ರಬಾರ್ದು, ಅಷ್ಟ" ಎಂದರು. ಮೊದಲ ಸಲ ಅಧ್ಯಕ್ಷರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ, ಇದು ಫ್ಯಾಮಿಲಿಗಳು ಬರುವ ಸಂಘ, ಇಂಥದ್ದಕ್ಕೆಲ್ಲ ನಮ್ಮ ಹೆಸರು ಬೇಡ ಎಂದರು.

ಮೂರನೆಯ ಸಲ ಹೋಗಬೇಕಿದ್ದ ದಿನ ಪಾರ್ಟ್ನರ್ ಮೊದಲು ನಮ್ಮ ಮನೆಗೆ ಬಂದರು, ಜೊತೆಗೆ ನಾನೂ ಬರುತ್ತೇನೆ ಎಂದಿದ್ದೆ. ಎದುರು ಬಾಗಿಲನ್ನು ನೋಡುತ್ತ ಒಂದು ಗಳಿಗೆ ನಿಂತರು. ಅಲ್ಲಿ ಬೇರೆ ಯಾರದೋ ಬೋರ್ಡು, ಬೇರೆ ಯಾರದೋ ಚಪ್ಪಲಿಗಳು. ಗೋಡೆ ಹಿಡಿದುಕೊಂಡರು, ಆಮೇಲೆ ಹಾಗೆಯೇ ಕುಸಿದರು. ಹತ್ತಿರವಿದ್ದದ್ದು ಅದೇ ಆಸ್ಪತ್ರೆ. ರಿಕ್ಷಾದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟಿದ್ದರು, ಕೋಟಿನ ಬಟ್ಟೆಯ ಮತ್ತು ಬೆಳ್ಳುಳ್ಳಿಯ ವಾಸನೆ...

ಸ್ಟ್ರೆಚರ್ ಒಳಗೆ ಹೋಯಿತು. ಕೌಂಟರಿನವನು ಅವರ ಹೆಸರು ಕೇಳಿದ, ಹೇಳಿದೆ. ನೀವು ಯಾರು ಎಂದ. ತಂಗಿ ಎಂದೆ. ಅವನು ಬರೆದುಕೊಂಡ ಹೆಸರನ್ನೊಮ್ಮೆ ನೋಡಿದ, ನನ್ನ ಹಣೆಯ ಕುಂಕುಮವನ್ನೊಮ್ಮೆ ನೋಡಿದ. ಪಕ್ಕದವನಿಗೂ ತೋರಿಸಿ ನಕ್ಕ. ಒಮ್ಮೆ ನನ್ನನ್ನು ಒಳಗೆ ಬಿಟ್ಟ ಅದೇ ಕುಂಕುಮ ಈಗ ನನ್ನನ್ನು ಹೊರಗೆ ನಿಲ್ಲಿಸಿತು. ವಿಜಯಪುರಕ್ಕೆ ಫೋನ್ ಮಾಡಿದರೆ ಅವರ ಅಣ್ಣನ ಮನೆಯವರು, ಇನ್ನೊಮ್ಮೆ ಈ ನಂಬರಿಗೆ ಮಾಡಬೇಡಿ ಎಂದರು. ಅಧ್ಯಕ್ಷರಿಗೆ ಮಾಡಿದೆ. ನೀವು ಟ್ರಸ್ಟಿಗಳು, ಒಂದು ಮಾತು ಹೇಳಿ ಎಂದು ಬೇಡಿದೆ. "ರೂಲ್ಸ್ ಅಂದ್ರೆ ರೂಲ್ಸ್ ಅಲ್ವಾ ಅಕ್ಕ? ನೆಕ್ಸ್ಟ್ ಕಮಿಟಿಯಲ್ಲಿ ನೋಡುವ" ಎಂದರು. ಕಮಿಟಿ!

ಕುರ್ಲಾದಿಂದ ಗುರುಮಾ ಬಂದಳು, ವೇಟರ್ ಮತ್ತು ಅವನ ಗೆಳೆಯ ಬಂದರು, ಆ ಹುಡುಗಿ ಬಂದಳು. ಟೇಬಲ್ಲಿನ ಅಷ್ಟೂ ಜನ ಬಂದು ಅದೇ ಮೆಟ್ಟಿಲ ಮೇಲೆ ಕೂತೆವು. ಯಾರೂ ಕೂರಬಾರದು ಎಂದು ಅವರು ಓಡಾಡಿದ ಮೆಟ್ಟಿಲು. ಗುರುಮಾ ವಾಚ್‌ಮನ್ ಮುಂದೆ ಚಪ್ಪಾಳೆ ತಟ್ಟಿ ಶಾಪ ಹಾಕಿದಳು, ಆಮೇಲೆ ಅವನ ಕಾಲಿಗೂ ಬಿದ್ದಳು. ಸಂಜೆಯ ಹೊತ್ತಿಗೆ ಒಬ್ಬ ವಾರ್ಡ್‌ಬಾಯ್ ಬಂದು, ಆ ಚಾಚಾನ ಕಡೆಯವರು ಯಾರು, ಅವರು ಹೋದರು ಎಂದ. ಬಾಡಿ ಒಯ್ಯಲು ಮಾತ್ರ ಯಾರಾದರೂ ಆಗುತ್ತದಂತೆ.

ಎರಡು ವರ್ಷದ ಮೇಲೆ, ಕಳೆದ ಭಾನುವಾರ, ಅದೇ ಅಧ್ಯಕ್ಷರು ಭಾಷಣಕ್ಕೆ ನಿಂತರು. ಕೋರ್ಟುಗಳ ಮಾತು ಬಂತು, ಕಾಲ ಬದಲಾದ ಮಾತು ಬಂತು. ನಮ್ಮ ಸಂಘ ಮೊದಲಿನಿಂದಲೂ ಈ ವಿಷಯದಲ್ಲಿ ಮುಂದೆ ಎಂದರು. ಇನ್ನು ಮುಂದೆ ನಮ್ಮ ಆಸ್ಪತ್ರೆಯಲ್ಲಿ ತನ್ನವರು ಯಾರು ಎಂದು ರೋಗಿಯೇ ಹೇಳಬಹುದು ಎಂದು ಘೋಷಿಸಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಕೆಲಸ ಆಯಿತು, ಒಳ್ಳೆಯದೇ ಆಯಿತು. ಅದಕ್ಕೆ ಖುಷಿಪಡಬೇಕೆಂದು ನನಗೆ ಗೊತ್ತಿದೆ. ಆದರೆ ಅಷ್ಟಕ್ಕೇ ನಿಲ್ಲಿಸದೆ ಅವರು, "ನಮ್ಮ ದಿವಂಗತ ಧಣಿಗಳ ಹೋಟೆಲ್ ಪಾರ್ಟ್ನರ್ ಕೂಡ ಈ ಕೆಲಸಕ್ಕೆ ತುಂಬ ಸಹಕಾರ ಕೊಟ್ಟಿದ್ರು" ಎಂದರು. ಸಹಕಾರವಂತೆ! ಹೋಟೆಲ್ ಪಾರ್ಟ್ನರಂತೆ!

ವಂದನಾರ್ಪಣೆಗೆ ನನ್ನನ್ನು ಕರೆದರು. ವೇದಿಕೆಯ ಗಣ್ಯರಿಗೆ, ಹಾಲ್‌ಗೆ, ಮೈಕಿನವರಿಗೆ, ಕಾಫಿಯವರಿಗೆ ವಂದನೆ ಹೇಳುವುದು ನನಗೆ ಬಾಯಿಪಾಠ, ವರ್ಷಾನುಗಟ್ಟಲೆ ಅದನ್ನೇ ಮಾಡಿದ್ದೇನೆ. ನಾನು ಮೈಕ್ ಹಿಡಿದು, ಅವರು ಹೋಟೆಲಿನ ಪಾರ್ಟ್ನರ್ ಅಲ್ಲ ಎಂದೆ. ಧಣಿಯ ಪಾರ್ಟ್ನರ್, ಮನೆಯ ಮನುಷ್ಯ ಎಂದೆ. ಇದೇ ಹಾಲ್‌ನಲ್ಲಿ ಅವರು ಇದನ್ನು ಹೇಳುವಾಗ ಮೈಕ್ ಕಟ್ ಮಾಡಿದಿರಿ, ಉಳಿದರ್ಧ ವಾಕ್ಯವನ್ನು ಇವತ್ತು ನಾನು ಮುಗಿಸುತ್ತಿದ್ದೇನೆ ಎಂದೆ. ಅವರು ಯಾವ ಮೆಟ್ಟಿಲ ಮೇಲೆ ಎರಡು ದಿನ ಕೂತಿದ್ದರು, ಯಾವ ಬಾಗಿಲೊಳಗೆ ಒಬ್ಬರೇ ಸತ್ತರು, ಯಾರಿಗೆ ನಾನು ಫೋನ್ ಮಾಡಿದ್ದೆ, ಎಲ್ಲವನ್ನೂ ಹೇಳಿದೆ. ಇಲ್ಲಿ ಕೂತಿರುವ ಗಣ್ಯರಿಗೆ ನನ್ನಲ್ಲಿ ವಂದನೆ ಇಲ್ಲ ಎಂದು ಮುಗಿಸಿದೆ. ಮೈಕ್ ಕಟ್ ಆಗಬಹುದೆಂದು ಉದ್ದಕ್ಕೂ ಕಾಯುತ್ತಿದ್ದೆ. ಆಗಲಿಲ್ಲ.

ಚಪ್ಪಾಳೆ ಹೊಡೆದರು. ಎದ್ದು ನಿಂತು ಹೊಡೆದರು. ಪರದೆಯ ಹಿಂದೆ ನಿಂತವರು ಹೊಡೆದರು, ಬೆನ್ನು ಸವರಿದವರು ಹೊಡೆದರು, ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ಹೊಡೆದು, "ಅಕ್ಕ ಭಾರಿ ಚೆಂದ ಮಾತಾಡಿದ್ರು ಮಾರ್ರೆ" ಎಂದರು. ಬೈದರೂ ಮೈಗೆ ತಾಗದ ಜನಕ್ಕೆ ಏನು ಮಾಡುವುದು? ನನಗೆ ಅಳು ಬಂದದ್ದು ಆಗಲೇ, ದುಃಖಕ್ಕಲ್ಲ, ಸಿಟ್ಟಿಗೆ.

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಗುರುಮಾ ನಿಂತಿದ್ದಳು. ಚಟ್ನಿಪುಡಿ ಕುಟ್ಟಿ ತಂದವಳು ಅವಳೇ. ಅವಳೊಬ್ಬಳೇ ಚಪ್ಪಾಳೆ ಹೊಡೆದಿರಲಿಲ್ಲ. ಒಂದು ತಟ್ಟೆಯಲ್ಲಿ ಎರಡು ಇಡ್ಲಿ, ಪಕ್ಕದಲ್ಲಿ ಒಂದು ಚಮಚ ಕೆಂಪು ಪುಡಿ ಹಾಕಿ ನನ್ನ ಮುಂದೆ ಹಿಡಿದಳು. "ಅಕ್ಕಾ, ಒಣಸ್ ಆಂಡಾ?" ಎಂದಳು, ಪಾರ್ಟ್ನರ್ ಎಳೆಯುತ್ತಿದ್ದ ಅದೇ ರಾಗದಲ್ಲಿ.

ತಟ್ಟೆ ತೆಗೆದುಕೊಂಡೆ. ಧಣಿ ಕೊನೆಗೆ ಕೇಳಿದ ಮಾತನ್ನು ನಾನು ಮೆಟ್ಟಿಲಿಳಿದು ತಂದು ಪಾರ್ಟ್ನರಿಗೆ ಒಪ್ಪಿಸಿದ್ದೆ. ಪಾರ್ಟ್ನರ್ ಕೊನೆಗೆ ಏನು ಕೇಳಿದರು, ಯಾರಿಗೆ ಊಟ ಆಯಿತಾ ಎಂದರು... ಕೆಳಗೆ ನಾವಷ್ಟು ಜನ ಕೂತಿದ್ದೆವು. ತಂದು ಹೇಳಲು ಒಳಗೆ ನಮ್ಮವರು ಒಬ್ಬರೂ ಇರಲಿಲ್ಲ.